ವರ್ತುಲದಲ್ಲಿ ಬಿಟ್ಟ ಜಾಗ

ಕೊನೆಯ ಬೆಂಚು ಬಾಗಿಲಲ್ಲಿ ಸಿಕ್ಕಿಕೊಂಡಿತು. ಒಳಗಿಂದ ಸಿಪಾಯಿ ರಮಜಾನ ನೂಕಿದ, ಹೊರಗಿಂದ ಹೆಡ್ ಮಾಸ್ತರ ಯಲ್ಲಾಲಿಂಗ ಜಗ್ಗಿದ. ಅದು ಅಲುಗಲಿಲ್ಲ.

"ಬರೂವಾಗ ಹೆಂಗ ಬಂದಿತ್ತೋ ಇದು?"

"ಬರೂವಾಗ ಅದಕ್ಕ ಬರೂ ಮನಸಿತ್ತರಿ ಸರ."

ಯಲ್ಲಾಲಿಂಗ ನಗಲಿಲ್ಲ. ಕಾಲೊಂದು ಮುರಿದ ಮೇಲೆ ಬೆಂಚು ಹೊರಗೆ ಬಂತು. ಅದನ್ನೂ ಬೇವಿನ ಗಿಡದ ಕೆಳಗಿನ ಒಟ್ಟಲಿನ ಮೇಲೆ ಎತ್ತಿ ಹಾಕಿದರು.

ಎಲ್ಲ ಯಲ್ಲಾಲಿಂಗನ ಲೇಖನದಿಂದ ಶುರುವಾದದ್ದು. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಸಿಂದಗಿಯಿಂದ ಒಳಗಿದ್ದ ಈ ಊರಿನ ಸಾಲಿಯಲ್ಲಿ ಭೂಗೋಳ ಕಲಿಸುತ್ತ ತಲೆ ಬೆಳ್ಳಗಾದ ಮನುಷ್ಯ, ಒಂದು ಬೇಸಿಗೆ ಕೂತು ಬರೆದ: ಬೆಂಚು ಬ್ರಿಟಿಷರು ಬಿಟ್ಟುಹೋದದ್ದು, ಅದು ಮಗುವಿನ ಬೆನ್ನನ್ನು ಕಾರಕೂನನ ಬೆನ್ನು ಮಾಡುತ್ತದೆ, ನಮ್ಮ ಜ್ಞಾನ ನೆಲದ ಮೇಲೆ, ವರ್ತುಲವಾಗಿ, ಸಮನಾಗಿ ಕೂಡುತ್ತಿತ್ತು. ಮಾಸಿಕವೊಂದು ಅಚ್ಚು ಹಾಕಿತು. ಓದಿದವರು ಇಬ್ಬರೋ ಮೂವರೋ. ಅವರಲ್ಲೊಬ್ಬರು ಬೆಂಗಳೂರಿನ ಪಠ್ಯಕ್ರಮ ಸಮಿತಿಯ ಪ್ರಿಯದರ್ಶಿನಿ ಮೇಡಂ. ಇವತ್ತು ಬಂದು ನೋಡಿ, ಮೆಚ್ಚಿದರೆ ಅವನನ್ನು ಸಮಿತಿಗೆ ಕರೆದುಕೊಳ್ಳುವವರಿದ್ದರು. ಅಂದರೆ ಊರು ಬಿಡುವುದು. ಬಿಟ್ಟು ಏನು ಮಾಡುವುದೆಂದು ಅವನಿಗೆ ಗೊತ್ತಿರಲಿಲ್ಲ. ಇಲ್ಲಿದ್ದು ಏನು ಮಾಡಿದನೆಂಬುದೂ ಗೊತ್ತಿರಲಿಲ್ಲ.

ಏಳನೇ ತರಗತಿಯ ಫರಹತ ಟೀಚರ್ ಪಡಸಾಲೆಗೆ ಬಂದಳು.

"ಸರ, ಹುಡುಗ್ರು ಕುಂತಾರ."

"ವರ್ತುಲ ಆಗೇತಿಲ್ಲೋ?"

"ನೀವ ಬಂದು ನೋಡ್ರಿ."

ನೋಡಿದ. ಕಿಟಕಿಯ ಕಡೆ ದೊಡ್ಡದೊಂದು ಕಮಾನು, ಬಾಗಿಲ ಬಳಿ ಸಣ್ಣದೊಂದು ಕಮಾನು. ನಡುವೆ ಎರಡೂ ಕಡೆ ಒಂದೊಂದು ಮಾರು ಬರಿನೆಲ. ದೊಡ್ಡದರಲ್ಲಿ ಗೌಡರ ಓಣಿ, ಬಜಾರದ ಓಣಿಯ ಮಕ್ಕಳು. ಸಣ್ಣದರಲ್ಲಿ ಹಳ್ಳದ ಆಚೆಯ ಕೇರಿಯವರು. ಗಿಡ್ಡಿಯೆಂಬ ಕಾರಣಕ್ಕೆ ನಿನ್ನೆಯವರೆಗೆ ಮೊದಲ ಬೆಂಚಿನ ನಟ್ಟನಡುವೆ, ಗೌಡರ ಭುವನೇಶ್ವರಿಗೆ ಭುಜ ತಾಗಿಸಿ ಕೂಡುತ್ತಿದ್ದ ರಾಜಶ್ರೀ ಈಗ ಹೊಸ್ತಿಲಿಗೆ ಒತ್ತಿಕೊಂಡು ಕೂತಿದ್ದಳು.

"ಹಿಂಗ ಯಾರು ಕೂಡಿಸಿದ್ರು?"

"ಯಾರೂ ಇಲ್ರಿ. ನೆಲಕ್ಕ ಕೂಡ್ರಿ ಅಂದೆ, ಕುಂತ್ರು. ಬೆಂಚಿಗೆ ನಾನು ಎತ್ತರ ನೋಡಿ ಕೂಡಸ್ತಿದ್ದೆ. ನೆಲಕ್ಕ ಕೂಡೂದು ಮನ್ಯಾಗ ಕಲಿಸ್ಯಾರ."

ಅವನು ರಾಜಶ್ರೀಯ ಕಡೆ ಬಾಗಿದ. "ಹೋಗವಾ, ಭುವನೇಶ್ವರಿ ಬಾಜೂಕ ಕೂಡು."

ಹುಡುಗಿ ಏಳಲಿಲ್ಲ. "ಬೆಂಚಿನ ಮ್ಯಾಲ ಕೂಡ್ತಿದ್ನಿರಿ ಸರ."

"ಈಗ ಏನಾತು?"

"ಇದು ನೆಲ ಐತ್ರಿ." ತಿಳಿಗೇಡಿಗೆ ತಿಳಿಸಿ ಹೇಳುವಂತೆ ಹೇಳಿದಳು.

ತಾನೂ ಹಳ್ಳಿಸಾಲಿಯಲ್ಲಿ ನೆಲದ ಮೇಲೇ ಕೂತು ಕಲಿತವನೆಂದು ಲೇಖನದಲ್ಲಿ ಹೆಮ್ಮೆಯಿಂದ ಬರೆದಿದ್ದ. ಅಲ್ಲಿ ಬಾಗಿಲ ಬಳಿ ಯಾರು ಕೂಡುತ್ತಿದ್ದರು? ನೆನಪಾಗಲಿಲ್ಲ. ಆ ಕಡೆ ಅವನು ತಿರುಗಿ ನೋಡಿದವನೇ ಅಲ್ಲ.

"ಬೆಂಚು ಒಳಗ ತರಸೂನೇನ್ರಿ?" ಫರಹತ ಮೆಲ್ಲಗೆ ಕೇಳಿದಳು. "ಇನ್ನೂ ಹೊತ್ತೈತಿ."

ಹೊತ್ತಿತ್ತು. ದೂರದಲ್ಲಿ ಧೂಳೆದ್ದದ್ದು ಮೇಡಂ ಕಾರಿನದೋ ಇಂಡಿ ಊರಿಗೆ ಹೋಗುವ ಬಸ್ಸಿನದೋ ತಿಳಿಯುವಂತಿರಲಿಲ್ಲ.

"ಮೇಡಂ ಬಂದ್ರು," ಅಂದ ಯಲ್ಲಾಲಿಂಗ.

ಮೇಡಂ ನಿಜವಾಗಿ ಬಂದದ್ದು ಬಹಳ ಹೊತ್ತಿನ ಮೇಲೆ. ಮಧ್ಯಾಹ್ನ ಅವರಿಗೆ ಆಲಮಟ್ಟಿ ಡ್ಯಾಮು ನೋಡುವುದಿತ್ತು. ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದು ಒಳಗೆ ಬಂದರು.

"ಎಷ್ಟು ಸಹಜವಾಗಿ ಕೂತಿದ್ದಾರೆ! ಅದು ಸರಿ, ನಡುವೆ ಜಾಗ ಯಾಕೆ ಬಿಟ್ಟಿದ್ದೀರಿ?"

ಫರಹತ ಅವನ ಮುಖ ನೋಡಿದಳು. ಮಕ್ಕಳೂ ನೋಡಿದರು, ಉತ್ತರ ಅವರಿಗೆಲ್ಲ ಗೊತ್ತಿತ್ತು.

"ಅದು ಶೂನ್ಯ ಮೇಡಂ," ಎಂಬ ಮಾತು ಅವನ ಬಾಯಿಂದ ಬಂತು. "ನಮ್ಮ ದರ್ಶನದಲ್ಲಿ ಶೂನ್ಯವಿಲ್ಲದೆ ಪೂರ್ಣವಿಲ್ಲ. ಪಶ್ಚಿಮದ ತರಗತಿ ಜಾಗವನ್ನು ತುಂಬುತ್ತದೆ. ನಾವು ಬಿಡುತ್ತೇವೆ."

"ವಾಹ್! ಇದನ್ನು ಎಲ್ಲ ಶಾಲೆಗಳಿಗೂ ಮಾದರಿ ಮಾಡೋಣ. ಅಳತೆ ಎಷ್ಟು?"

"ಅಳತಿ..."

"ಖಡು ತರ್ಲೇನ್ರಿ ಸರ?" ಬಾಗಿಲಿಂದ ರಮಜಾನ ಕೇಳಿದ. ಚೇಷ್ಟೆಯೋ ಚಾಕರಿಯೋ ಅವನ ದನಿಯಿಂದ ತಿಳಿಯಲಿಲ್ಲ. ಸೀಮೆಸುಣ್ಣ ತಂದು, ಎರಡೂ ಕಡೆ ಬರಿನೆಲದ ಅಂಚಿಗೆ ದಪ್ಪ ಬಿಳಿ ಗೆರೆ ಎಳೆದ. ಗೆರೆ ದಾಟಿದ್ದ ಮಕ್ಕಳು ಕಾಲು ಒಳಗೆ ಎಳೆದುಕೊಂಡರು.

"ಒಂದು ಫೋಟೋ," ಅಂದರು ಮೇಡಂ. "ಸರ್, ನೀವು ಆ ಶೂನ್ಯದಲ್ಲೇ ಕೂತುಕೊಳ್ಳಿ."

ಬಿಗಿಯಾದ ಪ್ಯಾಂಟಿನಲ್ಲಿ ಮಂಡಿ ಮಡಿಚಿ, ಎರಡು ಗೆರೆಗಳ ನಡುವೆ ಕೂತ. ಮೊಬೈಲು ಚಕಚಕ ಎಂದಿತು. ಬಾಗಿಲಾಚೆ ಆಡೊಂದು ಬೆಂಚಿನ ಒಟ್ಟಲಿನ ತುದಿಗೆ ಹತ್ತಿ, ಮೂರು ಕಾಲಿನ ಬೆಂಚಿನ ಮೇಲೆ ನೆಟ್ಟಗೆ ನಿಂತಿತ್ತು. ರಾಜಶ್ರೀ ಅದನ್ನೇ ನೋಡುತ್ತಿದ್ದಳು.

"ಸಾಕು ಸರ್, ಏಳಿ. ಸಮಿತಿಯಲ್ಲಿ ಸಿಗೋಣ."

ಏಳಲು ಹೋದ. ಮಂಡಿ ಹಿಡಿದುಕೊಂಡಿತ್ತು. ಒಂದು ಕೈ ಆ ಕಡೆ ಚಾಚಿದ, ಇನ್ನೊಂದು ಈ ಕಡೆ. ಮಾಸ್ತರನ್ನು ಮುಟ್ಟಬೇಕೋ ಬಾರದೋ ತಿಳಿಯದೆ ಎರಡೂ ಕಡೆಯ ಮಕ್ಕಳು ಕೂತಲ್ಲೇ ಹಿಂದೆ ಸರಿದರು. ಗೆರೆಯಾಚೆಗೂ ನೆಲ ಬರಿದಾಗುತ್ತ ಹೋಯಿತು.