ಎಡಚನ ದುವಾ

ಅಂಗೈ ಪೂರ್ತಿ ತಿರುಗಲಿಲ್ಲ, ಎಡಗೈಯದು, ಬಲ ಅಂಗೈ ಆಕಾಶಕ್ಕೆ ತೆರೆದುಕೊಂಡಿದೆ, ಎಡದ್ದು ಓರೆಯಾಗಿ ನಿಂತಿದೆ, ನೀರು ಸೋರಿಹೋಗುವ ಬೊಗಸೆಯ ಹಾಗೆ — ಅಥವಾ ನನಗೇ ಹಾಗೆ ಕಂಡಿತೋ, ಹಾಲೆಂಡಿನ ಯುಟ್ರೆಕ್ಟಿನ ಈ ಮೈದಾನದ ಗಾಳಿಗೆ ಕಣ್ಣು ತುಂಬಿಕೊಳ್ಳುತ್ತದೆ. ಬೌಲಿಂಗಿಗೆ, ಅಲ್ಲ ಪಿಚಿಂಗಿಗೆ, ಇಷ್ಟು ವರ್ಷವಾದರೂ ನನ್ನ ತಲೆಯಲ್ಲಿ ಅದು ಬೌಲಿಂಗೇ, ಇಳಿಯುವ ಮುನ್ನ ಝೈದ್ ಬೇಲಿಯ ಪಕ್ಕ ನಿಂತು ದುವಾ ಮಾಡುತ್ತಾನೆ, ಕಳೆದ ತಿಂಗಳು ಎರಡೂ ಅಂಗೈ ಸಮನಾಗಿದ್ದವು, ಇದ್ದವಲ್ಲವೇ? ಹತ್ತೊಂಬತ್ತರ ಎಡಚ, ಆಟದ ಕೊನೆಗೆ ಮಾತ್ರ ಬಂದು ಬೇರೆಯವರು ಗಳಿಸಿದ ಗೆಲುವನ್ನು ಕಾಯುವವನು, ಅಮೆರಿಕದ ಬೇಸ್‌ಬಾಲ್ ತಂಡವೊಂದಕ್ಕೆ ಇಂಥವನೇ ಬೇಕು, ಅವರ ಪರವಾಗಿ ಇಲ್ಲಿ ಹುಡುಗರನ್ನು ನೋಡುವವನು ನಾನು, ವಾರವೆಲ್ಲ ಆಫೀಸು, ಸಂಜೆ ತರಗತಿಯಲ್ಲಿ ಕಲಿತ ವಿದ್ಯೆ, ನಾನೇನು ಡಾಕ್ಟರೇ? ಮೊಣಕೈ ಕೆಟ್ಟರೆ ಮೊದಲು ಅಂಗೈ ಮುಷ್ಕರ ಹೂಡುತ್ತದೆ ಎಂದಿದ್ದರು ಅಲ್ಲಿನ ಮೇಷ್ಟ್ರು. ಬೇರೆ ಯಾರಿಗೂ ಕಾಣುವುದಿಲ್ಲ ಇದು, ಹುಡುಗ ಉಣ್ಣುವುದು, ಕೊಡುವುದು, ಕೈ ಕುಲುಕುವುದು ಎಲ್ಲ ಬಲಗೈಯಲ್ಲಿ, ಅವನು ದಾದಿ ಎನ್ನುವ ಅಪ್ಪನ ಅಮ್ಮ ಅಮೀನಾ ಬಿ ತಿದ್ದಿದ್ದು, ನಮ್ಮಮ್ಮನೂ ಹಾಗೇ, ಎಡಗೈಲಿ ಕೊಡಬೇಡ್ವೋ ಅನಿಷ್ಟ, ಒಮ್ಮೆ ಅವನು ಟೀಗೆ ಎಡಗೈ ಚಾಚಿದಾಗ ನಾನೇ ಅಂದೆ, ಬಲಗೈಲಿ ತಗೋಳೋ, ಆ ಎಡಗೈಯನ್ನೇ ನೋಡಲು ಬಂದವನು ನಾನು, ಅವನು ನಕ್ಕ, ನೀವೂ ದಾದಿ ಥರಾನೇ ಅಂಕಲ್.

ಪಕ್ಕದಲ್ಲಿ ಅವನಪ್ಪ ಗಯಾಸ್, ಬೆಸ್ಟ್ ಎಂಬ ಊರಿನಿಂದ ಟ್ರೈನಿನಲ್ಲಿ ಖರ್ಜೂರದ ಡಬ್ಬಿ ಹಿಡಿದು ಬಂದಿದ್ದಾರೆ, ಇವತ್ತು ಅಮೆರಿಕದವರು ಹೇಳೇಬಿಡ್ತಾರಂತಲ್ಲ ಯತಿರಾಜ್ ಸಾರ್, ನಮ್ಮ ಮನೇಲಿ ಯಾರಿಗೂ ನಿದ್ದೆ ಇಲ್ಲ. ಚೆಂಡು ಗವಸಿಗೆ ಬಡಿಯುತ್ತದೆ, ಚಪ್ಪಾಳೆ, ಎಸೆದ ಮೇಲೆ ಝೈದ್ ಕೈಯನ್ನು ತೊಡೆಯ ಹಿಂದೆ ಮರೆಮಾಡುತ್ತಾನೆ, ಅಪ್ಪ ಕುಳಿತ ಕಡೆ ಕಾಣದ ಹಾಗೆ, ಇದಂತೂ ಗಾಳಿಯಲ್ಲ. ಫೋನು, ಅಲ್ಲಿಂದ, ಅವರದು ಯಾವಾಗಲೂ ಒಂದೇ ಪ್ರಶ್ನೆ, ಆರ್ಮ್ ಕ್ಲೀನಾ, ನೋವಿಲ್ಲದ ಕೈಗೆ ಅವರು ಹೇಳುವುದೇ ಹಾಗೆ, ಹೌದೆಂದರೆ ಕರೆದೊಯ್ದು ಕೈ ಹರಿಯುವ ತನಕ ಎಸೆಯಿಸುತ್ತಾರೆ, ಪರೀಕ್ಷೆ ಮಾಡಿಸಿ ಎಂದರೂ ಇಲ್ಲವೆಂದಂತೆಯೇ, ಬೇರೆ ಎಡಚರು ಸಾಲಿನಲ್ಲಿದ್ದಾರೆ, ಅನುಮಾನದ ಕೈಗೆ ಯಾರೂ ಕಾಯುವುದಿಲ್ಲ — ನೋ, ಲೆಫ್ಟ್ ಈಸ್ ನಾಟ್ ಕ್ಲೀನ್, ಅಂದುಬಿಟ್ಟೆ. ಓಕೆ, ಥ್ಯಾಂಕ್ಸ್, ಮುಗಿಯಿತು, ಬಸ್ ಟಿಕೆಟ್ ಹರಿದಷ್ಟು ಹೊತ್ತು.

ಡಬ್ಬಿಯ ಮೇಲೆ ಗಯಾಸರ ಬೆರಳು ನಿಂತಿದೆ. ಕ್ಲೀನ್ ಇಲ್ವಾ ಸಾರ್. ಎಡಗೈ ಅಂತಾನಾ, ಇಲ್ಲ ನಮ್ಮ ಜನದ ಕೈ ಅಂತಾನಾ. ನಮ್ಮಮ್ಮಾನೂ ಹಂಗೇ ಅಂತಾರೆ, ಆದ್ರೆ ಅವರು ಊಟದ ಹೊತ್ತಿಗೆ ಮಾತ್ರ ಅಂತಾರೆ. ಡಬ್ಬಿ ಮುಚ್ಚಿದ ಸದ್ದು. ಹಾಗಲ್ಲ ಗಯಾಸ್ ಅವರೇ, ಹಾಗಲ್ಲ, ಹುಡುಗನಿಗೆ ನೋವಿದೆ, ನಿಮ್ಮಿಂದ ಮುಚ್ಚಿಡುತ್ತಿದ್ದಾನೆ ಎನ್ನಬೇಕು, ಅದನ್ನು ಹೇಳಬೇಕಾದವನು ಅವನಲ್ಲವೇ, ಅಥವಾ ನನ್ನ ಹೇಡಿತನಕ್ಕೆ ಇದೊಂದು ನೆಪವೇ, ಅವರು ಎದ್ದು ಎರಡು ಕುರ್ಚಿ ಆಚೆ ಕೂತರು, ನಾನು ತೋರಿಸಬಹುದಿತ್ತು, ಅಗೋ ನೋಡಿ ಎಂದು. ಕೊನೆಯ ಚೆಂಡು, ಗೆದ್ದರು, ತಂಡದವರು ಅವನ ಮೇಲೆ ಬೀಳುತ್ತಿದ್ದಾರೆ, ಅವನು ಬಿಡಿಸಿಕೊಂಡು ಅಪ್ಪನ ಕಡೆ ತಿರುಗಿ ನಗುತ್ತ ಎರಡೂ ಕೈ ಎತ್ತುತ್ತಾನೆ, ಬಲದ್ದು ತೆರೆದಿದೆ, ಎಡದ್ದು, ಎಡದ್ದು ಓರೆ, ಓರೆಯಾಗಿಯೇ