ಹೊಸ್ತಿಲಾಚೆಯ ಕಾಫಿ

"ಒಂದು ಗೂಡಲ್ಲಿ ಎಷ್ಟು ಹಂದಿ ತುಂಬಿದ್ದೀರಯ್ಯಾ?" ಎನ್ನುತ್ತ ವಸತಿ ತಪಾಸಣೆಯ ಮಿಹಾಲಿಕ್ ನಮ್ಮ ಹಾಸಿಗೆಯನ್ನು ಮಗುಚಿ ಹಾಕಿದ. ಗೋಡೆಗೆ ಆನಿಸಿಟ್ಟಿದ್ದ ಇನ್ನೊಂದು ಹಾಸಿಗೆ ಅವನ ಕಣ್ಣಿಗೆ ಬಿತ್ತು. ಅದು ನನ್ನ ತಂಗಿ ಬೊಜೆನಾಳದು. ಪುರಸಭೆಯವರು ಅವಳ ಗುಡಿಸಲು ಕೆಡವಿದ ಮೇಲೆ ಮಕ್ಕಳಿಬ್ಬರನ್ನು ಕಟ್ಟಿಕೊಂಡು ನಮ್ಮಲ್ಲಿಗೇ ಬಂದಿದ್ದಳು. ನಾವಿರುವ ಮನೆಯೂ ಪುರಸಭೆಯದೇ. ಬಾಡಿಗೆ ಕಟ್ಟುವವರನ್ನು ಬಿಟ್ಟು ಬೇರೆಯವರು ಅಲ್ಲಿ ಮಲಗುವ ಹಾಗಿಲ್ಲ.

ಹಾಸಿಗೆ ತಡಕಿದ ಕೈಯಲ್ಲೇ ಅವನು ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ಮೂಗು ಮುರಿದ. ಮಲಗುವ ಬಟ್ಟೆ ಮುಟ್ಟಿದ ಕೈ ನಮ್ಮಲ್ಲಿ ಅಡುಗೆಗೆ ತಾಗಬಾರದು. ನನಗೆ ಮೈ ಉರಿದುಹೋಯಿತು.

"ಯಾರ್ನ ಕೇಳಿ ಒಳಕ್ ಬಂದ್ರಿ?" ಎಂದೆ.

"ನಿನ್ನ ಹೆಂಡ್ತಿನೇ ಬನ್ನಿ, ಕೂತ್ಕೊಳ್ಳಿ ಅಂದ್ಳಲ್ಲ. ಬೇಡ ಅಂದಿದ್ರೆ ಕೋರ್ಟಿನ ಆರ್ಡರ್ ಇಲ್ದೆ ನಾನು ಕಾಲಿಡೋ ಹಾಗಿರ್ಲಿಲ್ಲ. ನೀವು ಕರೀತೀರಿ, ನಾವು ಬರ್ತೀವಿ" ಎಂದು ನಕ್ಕ. ಮುಂದಿನ ಸಲ ಬರುವಷ್ಟರಲ್ಲಿ ಬೊಜೆನಾ ಜಾಗ ಖಾಲಿ ಮಾಡಿರಬೇಕು, ಇಲ್ಲದಿದ್ದರೆ ಎಲ್ಲರೂ ಬೀದಿಗೆ ಎಂದು ಹೇಳಿ ಹೋದ.

ನನ್ನ ಹೆಂಡತಿ ಇರೇನಾ ಎಲೆಕೋಸಿನ ಸಾರನ್ನು ಹಳ್ಳಕ್ಕೆ ಸುರಿದು ಬಂದಳು. ಮಕ್ಕಳು ಬರೀ ರೊಟ್ಟಿ ಕಚ್ಚಿದರು.

ಅವನು ಅಂದದ್ದು ಸುಳ್ಳಲ್ಲ. ಬಾಗಿಲಿಗೆ ಬಂದವನು ಶತ್ರುವೇ ಆಗಲಿ, ಒಳಗೆ ಕರೆದು ಕಾಫಿ ಕೊಡದೆ ಕಳಿಸಿದರೆ ನಾವು ರೋಮಾ ಜನ, ಬಿಳಿಯರ ಬಾಯಲ್ಲಿ ಜಿಪ್ಸಿಗಳು, ತಲೆಯೆತ್ತಿ ಓಡಾಡುವ ಹಾಗಿಲ್ಲ. ಆ ಮರ್ಯಾದೆಯ ಮಾತನ್ನೇ ಒಪ್ಪಿಗೆ ಎಂದು ಬರೆದುಕೊಂಡು, ಆ ಬೇವಾರ್ಸಿ ನಮ್ಮ ಓಣಿಯ ಮನೆಮನೆಗೂ ನುಗ್ಗಿದ್ದ.

ಬೊಜೆನಾ ಗಂಟು ಕಟ್ಟತೊಡಗಿದಳು. ಹೊರಗೆ ಹಿಮ ಬೀಳುತ್ತಿತ್ತು. ಇರೇನಾ ಆ ಗಂಟನ್ನು ಬಿಚ್ಚಿ, ಇನ್ನು ಮೇಲೆ ಅವನನ್ನು ಒಳಗೆ ಕರೆಯುವುದಿಲ್ಲ ಎಂದಳು. ಪಕ್ಕದ ಮನೆಯ ಮುದುಕಿ ಎತೆಲಾ ಕೇಳಿ ಕೆಂಡವಾದಳು.

"ಬಾಗ್ಲಿಗೆ ಬಂದೋನ್ನ ಅಟ್ಟೀಯೇನೇ? ನಾವೂ ಆ ಬಿಳೀ ಜನದಂಗಾಗ್ಬೇಕಾ?"

"ಅವ್ರು ನಿನ್ನ ಯಾವತ್ತಾರ ಒಳಕ್ ಕರ್ದವ್ರಾ ದೊಡ್ಡವ್ವ? ನೀನು ವಯಸ್ಸೆಲ್ಲಾ ಅವ್ರ ಸೌದೆ ಸೀಳ್ದೆ. ನೀರು ಕೊಟ್ಟಿದ್ದು ಬೇಲಿ ಮ್ಯಾಲಿಂದ" ಎಂದಳು ಇರೇನಾ.

ಎತೆಲಾ ಎದ್ದು ತನ್ನ ಮನೆಗೆ ಹೋದಳು.

ಮಿಹಾಲಿಕ್ ಮತ್ತೆ ಬಂದ ದಿನ ಇರೇನಾ ಬಾಗಿಲ ಮುಂದಿನ ಕೆಸರಿನಲ್ಲಿ ಕುರ್ಚಿ ಹಾಕಿದಳು. ಲೋಟದ ತುಂಬ ಕಾಫಿ ತಂದು, ಪಕ್ಕದಲ್ಲೊಂದು ಸ್ಟೂಲಿನ ಮೇಲಿಟ್ಟಳು.

"ಕುಂತ್ಕಳಿ ಸಾರ್, ಕಾಫಿ ಕುಡೀರಿ. ಒಳಕ್ ಮಾತ್ರ ಬರ್ಬ್ಯಾಡಿ."

"ಮನೆ ಪುರಸಭೇದು ಕಣಮ್ಮಾ. ಮಾಲೀಕರೇ ನನ್ನ ಕಳ್ಸಿರೋದು."

"ಮಾಲೀಕ್ರು ಇಲ್ಲಿ ಮಲಗಾಕಿಲ್ಲ. ಮಲಗೋರು ನಾವು. ನಮ್ಮನ್ನ ಕೇಳಿ."

"ಸರಿ, ಕೇಳ್ತಿದ್ದೀನಿ. ದಾರಿ ಬಿಡು."

"ಕೇಳಿದ್ರಲ್ಲ. ಬಿಡಾಕಿಲ್ಲ."

ಅಷ್ಟರಲ್ಲಿ ಒಳಗಿನಿಂದ ಬೊಜೆನಾಳ ಮಗು ಕೆಮ್ಮಿತು. ಮಿಹಾಲಿಕ್‌ನ ಮುಖ ಅರಳಿತು. ಬೂಟುಗಾಲನ್ನು ಹೊಸ್ತಿಲ ಮೇಲಿಟ್ಟ. ನಾನು ಮುನ್ನುಗ್ಗುವಷ್ಟರಲ್ಲಿ ಎತೆಲಾ ತನ್ನ ಮುಕ್ಕಾಲಿ ಎಳೆದುಕೊಂಡು ಬಂದು, ನಮ್ಮ ಬಾಗಿಲಿಗೆ ಅಡ್ಡ ಹಾಕಿ ಕುಳಿತಳು.

"ಕಾಲ್ ತೆಗಿಯೋ ಬೋಳಿಮಗನೆ. ಕಾಫಿ ಕೊಟ್ಟಾಯ್ತು, ಮರ್ಯಾದೆ ಮುಗೀತು."

ಓಣಿಯುದ್ದಕ್ಕೂ ಬಾಗಿಲುಗಳು ತೆರೆದವು. ಪ್ರತಿ ಮನೆಯ ಹೆಂಗಸೂ ಹೊರಗೆ ಒಂದು ಕುರ್ಚಿ ಹಾಕಿ, ಮೇಲೊಂದು ಲೋಟ ಕಾಫಿ ಇಟ್ಟು ಹೊಸ್ತಿಲಲ್ಲಿ ನಿಂತಳು. ಮಿಹಾಲಿಕ್ ಕಾಲು ತೆಗೆದ. ಪೊಲೀಸರನ್ನು ಕರೆತರುತ್ತೇನೆ, ಕೋರ್ಟಿನಿಂದ ಆರ್ಡರ್ ತರುತ್ತೇನೆ, ಆಗ ನೋಡಿಕೊಳ್ಳಿ ಎಂದ. ತರಬಹುದು, ತಂದಾನು. ಆದರೆ ಅವತ್ತು ಅವನು ಹೊಗೆಯಾಡುವ ಲೋಟಗಳ ನಡುವೆ, ಯಾರ ಮುಖವನ್ನೂ ನೋಡದೆ, ಬಂದ ದಾರಿಯಲ್ಲೇ ಕಾರಿನ ಕಡೆ ನಡೆದ.

ಅವನ ಕಾರು ಇನ್ನೂ ಹಳ್ಳದ ಸೇತುವೆ ದಾಟಿರಲಿಲ್ಲ. ಬೊಜೆನಾ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ಅವನಿಗೆ ಹಾಕಿದ್ದ ಕುರ್ಚಿಯಲ್ಲಿ ಎಲ್ಲರಿಗೂ ಕಾಣುವಂತೆ ಕುಳಿತು, ಅವನು ಬಿಟ್ಟುಹೋದ ಕಾಫಿ ಕುಡಿದಳು.