ಹೆಂಗಸರ ಪಾಯಖಾನೆಗೆ ಸಾವ್ಕಾರರ ಕೀಲಿ

ರುಕ್ಮವ್ವ ಬೆಳಿಗ್ಗೆ ಟಂಟಂ ಆಟೊ ಹತ್ತುವ ಮೊದಲು ಒಂದು ಹುಣಸೆಬೀಜವನ್ನು ದವಡೆಗಿಟ್ಟುಕೊಳ್ಳುತ್ತಿದ್ದಳು. ಅದನ್ನು ಉಗುಳುವುದು ಸಂಜೆ ಮನೆಗೆ ಬಂದ ಮೇಲೆಯೇ. ಬೀಜ ಬಾಯಲ್ಲಿದ್ದರೆ ಜೊಲ್ಲು ಊರುತ್ತದೆ, ನೀರಡಿಕೆ ಅಷ್ಟಾಗಿ ಕಾಡುವುದಿಲ್ಲ. ನೀರು ಕುಡಿಯದಿದ್ದರೆ ಒಂದಕ್ಕೆ ಹೋಗುವ ಗೊಡವೆಯಿಲ್ಲ. ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿ ಸಿದ್ದಲಿಂಗೇಶ ಸಾವ್ಕಾರರ ಒಣದ್ರಾಕ್ಷಿ ಶೆಡ್ಡು. ಅಲ್ಲಿ ಒಣದ್ರಾಕ್ಷಿಯ ತೊಟ್ಟು ಬಿಡಿಸಿ, ಬಣ್ಣ ನೋಡಿ ಆರಿಸುವ ಹೆಂಗಸರು ಇಪ್ಪತ್ತೆರಡು ಮಂದಿ. ಇಪ್ಪತ್ತೆರಡು ದವಡೆಯಲ್ಲೂ ಹುಣಸೆಬೀಜ. ಮಧ್ಯಾಹ್ನ ರೊಟ್ಟಿ ತಿಂದರೆ ಗಂಟಲು ತೊಯ್ಯುವಷ್ಟು ನೀರು, ಮತ್ತೆ ಅದೇ ಬೀಜ.

ಅಲ್ಲಿ ಪಾಯಖಾನೆ ಇಲ್ಲವೇ ಅಂದರೆ, ಇದೆ ಸ್ವಾಮಿ, ಅದೇ ಮಜಾ. ಒಳಗೆಲ್ಲ ಬಿಳಿ ಟೈಲ್ಸು, ತಿರುಗಿಸಿದರೆ ನೀರು ಬರುವ ನಲ್ಲಿ. ಬಾಗಿಲ ಮೇಲೆ ನೀಲಿ ಅಕ್ಷರದಲ್ಲಿ ‘ಮಹಿಳಾ ಕಾರ್ಮಿಕರ ಶೌಚಾಲಯ’ ಎಂದು ಬರೆದಿದೆ. ಮೂರು ವರ್ಷದ ಹಿಂದೆ ಮಾಲು ಕೊಳ್ಳುವ ಪುಣೆಯ ಕಂಪನಿಯವರು, ಹೆಂಗಸರಿಗೆ ಪಾಯಖಾನೆ ಇಲ್ಲದ ಶೆಡ್ಡಿನ ಮಾಲು ನಮಗೆ ಬೇಡ ಅಂದಿದ್ದರು. ಹದಿನೈದು ದಿನದಲ್ಲಿ ಕಟ್ಟಡ ಎದ್ದು ನಿಂತಿತು. ರುಕ್ಮವ್ವನನ್ನೇ ಬಾಗಿಲ ಮುಂದೆ ನಿಲ್ಲಿಸಿ, ನಗು ಅಂತ ಹೇಳಿ, ಫೋಟೊ ತೆಗೆದರು. ಕಂಪನಿಯವರ ಕಾರು ರಸ್ತೆ ಸೇರುವುದೇ ತಡ, ಬಾಗಿಲಿಗೆ ಹಿತ್ತಾಳೆಯ ಕೀಲಿ ಬಿತ್ತು. ಕೀಲಿಕೈ ಸಾವ್ಕಾರರ ಜೇಬು ಸೇರಿತು.

"ಬೀಗರು ಬರ್ತಾರ, ಆಫೀಸರ್ ಮಂದಿ ಬರ್ತಾರ. ನಿಮ್ಮ ಓಣ್ಯಾಗಿನವ್ರು ಹೊಕ್ರ ಟೈಲ್ಸ್ ಉಳಿತಾವೇನು?" ಎಂದಿದ್ದರು ಸಾವ್ಕಾರರು. "ದೇವರು ಹೊಲ ಅಷ್ಟುದ್ದ ಕೊಟ್ಟಾನ. ಹೋಗ್ರಿ."

ದೇವರು ಕೊಟ್ಟ ಹೊಲದಲ್ಲಿ ದ್ರಾಕ್ಷಿ ಬಳ್ಳಿಯ ಸಾಲು, ಅದರೊಳಗೆ ಔಷಧಿ ಹೊಡೆಯುವ ಗಂಡಸರು. ಮರೆ ಬೇಕಾದರೆ ರಸ್ತೆ ದಾಟಿ ಜಾಲಿಕಂಟಿಗೆ ಹೋಗಬೇಕು. ಹೋಗಿ ಬರುವುದಕ್ಕೆ ಅರ್ಧ ತಾಸು. ದಿನಕ್ಕೆ ಎರಡು ಸಲ ಹೋದವಳಿಗೆ ಮ್ಯಾನೇಜರ್ ಗೊಲ್ಲಾಳಪ್ಪ ಅರ್ಧ ದಿನದ ಗೈರುಹಾಜರಿ ಹಾಕುತ್ತಿದ್ದ. ಅದಕ್ಕೇ ಈ ಹುಣಸೆಬೀಜದ ಸಂಸಾರ.

ಈ ಸುಗ್ಗಿಯಲ್ಲಿ ರುಕ್ಮವ್ವನಿಗೆ ಜ್ವರ ಬಂತು, ಸೊಂಟ ಹಿಡಿಯಿತು, ಒಂದಕ್ಕೆ ಕೂತರೆ ಕೆಂಡದ ಮೇಲೆ ಕೂತ ಹಾಗೆ ಉರಿ. ವಿಜಯಪುರದ ದವಾಖಾನೆಯಲ್ಲಿ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿ ನೋಡಿ ಗದರಿದಳು.

"ಹರಳು ಆಗ್ಯಾವ. ಒಂದು ಕಿಡ್ನಿ ಬಾತೈತಿ. ದಿನಾ ಮೂರು ಲೀಟರ್ ನೀರು ಕುಡೀಬೇಕು, ಬಂದಾಗ ತಡೀಬಾರ್ದು. ಇಲ್ಲಂದ್ರ ಆ ಕಿಡ್ನಿ ಕೈ ಬಿಡತೈತಿ ನೋಡವಾ."

"ನೀರ ಕುಡುದ್ರ ಕೆಲಸ ಕೈ ಬಿಡತೈತ್ರಿ ಬಾಯಾರ," ಅಂದಳು ರುಕ್ಮವ್ವ. ಡಾಕ್ಟರಮ್ಮನಿಗೆ ಅದು ಅರ್ಥವಾಗಲಿಲ್ಲ. ಮುಂದಿನ ಚೀಟಿಯವರನ್ನು ಕರೆದಳು.

ಮರುದಿನ ರುಕ್ಮವ್ವ ಆಮ್ರಪಾಲಿಯನ್ನು ಕರೆದುಕೊಂಡು ಸಾವ್ಕಾರರ ಮುಂದೆ ನಿಂತಳು. ಆಮ್ರಪಾಲಿ ಅವಳದೇ ಓಣಿಯ ಹುಡುಗಿ. ಬಿ.ಎ. ಓದಿ, ನೌಕರಿ ಸಿಗದೆ, ದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದಳು. ದವಾಖಾನೆಯ ಚೀಟಿಯನ್ನು ಅವಳೇ ಓದಿ ಹೇಳಿದಳು. ಸಾವ್ಕಾರರು ಪಾಪ, ಪೂರ್ತಿ ಕೇಳಿದರು. ಬೇಕಾದರೆ ಎರಡು ಹನಿ ಕಣ್ಣೀರನ್ನೂ ಹಾಕುತ್ತಿದ್ದರೇನೋ.

"ರುಕ್ಮವ್ವಾ, ಎಲ್ಲಾ ಮನಸಿನ್ಯಾಗ ಇರತೈತಿ," ಅಂದರು. "ಹೋದ ವರ್ಷ ಏಳು ಮಂದಿ ಕೆಲಸ ಬಿಟ್ಟು ಹೋದ್ರು. ಯಾಕ? ಮನಸ್ಸು ಗಟ್ಟಿ ಇಲ್ಲ. ಅದಕ್ಕೂ ವ್ಯವಸ್ಥಾ ಮಾಡೇನಿ ನಾನು."

ಕೇಳಿದ್ದು ಕೀಲಿಕೈ, ಸಿಕ್ಕಿದ್ದು ಶಿಬಿರ. ಸೋಮವಾರ ಶೆಡ್ಡಿನ ಮುಂದೆ ಬ್ಯಾನರು ಕಟ್ಟಿದರು. ‘ಮನೋಬಲವೇ ಮಹಾಬಲ: ದುಡಿಮೆಯಲ್ಲಿ ಯಶಸ್ಸಿಗೆ ಏಳು ಮೆಟ್ಟಿಲು.’ ಮೆಟ್ಟಿಲು ಹತ್ತಿಸಲು ಬಂದವನು ಅಂಬಾದಾಸ ಸರ್. ವಿಜಯಪುರದ ಗಾಂಧಿ ಚೌಕದಲ್ಲಿ ಅರಿವೆ ಅಂಗಡಿಯ ಮೇಲೆ ಇವನ ಆಫೀಸು. ಮೊದಲು ಬೋರಿನ ಮೋಟಾರು ಮಾರುತ್ತಿದ್ದನಂತೆ. ಅವು ಸುಟ್ಟು ವಾಪಸು ಬರತೊಡಗಿದ ಮೇಲೆ ಮನಸ್ಸಿನ ವ್ಯಾಪಾರಕ್ಕೆ ಇಳಿದ. ಅದು ಸುಟ್ಟರೆ ವಾಪಸು ತರುವವರಿಲ್ಲವಲ್ಲ! ಕರೀ ಬೂಟು, ಕಿವಿಗೆ ಸಿಕ್ಕಿಸಿದ ಮೈಕು, ಕೈಯಲ್ಲಿ ನೀರಿನ ಬಾಟಲಿ.

"ತಾಯಂದಿರಾ, ಎಲ್ಲಾರೂ ಎದಿ ಮುಟ್ಟಿ ಹೇಳ್ರಿ. ನಾನು ಗಟ್ಟಿ!"

"ನಾನು ಗಟ್ಟಿ!" ಎಂದರು ಹೆಂಗಸರು.

"ಗಟ್ಟಿ ಇರೂದಕ್ಕ ಇನ್ನೂ ಸತ್ತಿಲ್ಲ," ಎಂದು ಶಂಕ್ರೆವ್ವ ಪಕ್ಕದಲ್ಲಿ ಗೊಣಗಿದಳು. ಶಂಕ್ರೆವ್ವ ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳು, ಬಾಯಿಯೂ ಅಷ್ಟೇ ಹಿರಿದು.

ಅಂಬಾದಾಸ ಸರ್ ಬಾಟಲಿ ಎತ್ತಿ ಗಟಗಟ ನೀರು ಕುಡಿದ. "ದೇಹ ಅಂದ್ರ ಎತ್ತು. ಮನಸ್ಸು ಅಂದ್ರ ಬಾರುಕೋಲು. ಹಸಿವಿ, ನೀರಡಿಕಿ, ಒಂದಕ್ಕ, ಎರಡಕ್ಕ, ಎಲ್ಲಾ ಎತ್ತಿನ ನಖರಾ. ಬಂತು ಅಂತ ಓಡಬ್ಯಾಡ್ರಿ. ‘ತಡಿ, ಈಗಲ್ಲ’ ಅಂತ ದೇಹಕ್ಕ ಹೇಳ್ರಿ. ನಾ ಸೊಲ್ಲಾಪುರದಾಗ ಒಂಬತ್ತು ತಾಸು ಸ್ಟೇಜ್ ಬಿಟ್ಟು ಇಳದಿಲ್ಲ!"

ರುಕ್ಮವ್ವ ಎದ್ದು ನಿಂತಳು. "ಸರ, ನನ್ನ ಕಿಡ್ನಿ ಬಾತೈತ್ರಿ. ತಡಿ ಅಂದ್ರ ಅದು ಕೇಳತೈತೇನ್ರಿ?"

"ನೋಡ್ರಿ, ನೋಡ್ರಿ! ಇದಕ್ಕ ನೆಗೆಟಿವ್ ವಿಚಾರ ಅಂತಾರ. ಆದ್ರೂ ಈ ತಾಯಿ ಧೈರ್ಯಾ ಮಾಡಿ ಎದ್ದು ನಿಂತ್ರು. ಚಪ್ಪಾಳಿ ಹೊಡಿರಿ!"

ಸಾವ್ಕಾರರು ಮೊದಲು ಚಪ್ಪಾಳೆ ಹೊಡೆದರು, ಗೊಲ್ಲಾಳಪ್ಪ ಜೋರಾಗಿ ಹೊಡೆದ. ರುಕ್ಮವ್ವನ ಬಾತ ಕಿಡ್ನಿಗೆ ಚಪ್ಪಾಳೆ. ಸಾವ್ಕಾರರು ಅದನ್ನೂ ಮೊಬೈಲಿನಲ್ಲಿ ಫೋಟೊ ಹಿಡಿದರು, ಪುಣೆಗೆ ಕಳಿಸಬೇಕಿತ್ತು. ರುಕ್ಮವ್ವನಿಗೆ ಅವಮಾನದಿಂದ ಮೈಯೆಲ್ಲ ಉರಿದುಹೋಯಿತು. ಬೀಜ ಕಚ್ಚಿಕೊಂಡು ಕೂತಳು.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಮಧ್ಯಾಹ್ನ ಅದೇ ಆಯಿತು. ಬಬಲೇಶ್ವರದಲ್ಲಿದ್ದ ಸಾವ್ಕಾರರ ಮನೆಯಲ್ಲಿ ಸರ್ ಎಣ್ಣೆಗಾಯಿಯನ್ನು ಎರಡು ಸಲ ಹಾಕಿಸಿಕೊಂಡ. ಮೇಲೆ ಹೋಳಿಗೆ, ತುಪ್ಪ, ಮಾವಿನ ಸೀಕರಣೆ, ತಂಬಿಗೆ ಮಜ್ಜಿಗೆ. ಸಾವ್ಕಾರರು ಅವನನ್ನು ಶೆಡ್ಡಿಗೆ ಇಳಿಸಿ, ಸಿದ್ಧೇಶ್ವರ ಗುಡಿ ಹತ್ತಿರ ಯಾರದೋ ಮದುವೆ ಅಂತ ವಿಜಯಪುರಕ್ಕೆ ಕಾರು ತಿರುಗಿಸಿದರು. ಕೀಲಿಕೈಯೂ ಮದುವೆಗೆ ಹೋಯಿತು.

ನಾಲ್ಕನೇ ಮೆಟ್ಟಿಲು ನಡೆದಿತ್ತು. "ಸಹನೆ ಅಂದ್ರ..." ಅಂದ ಸರ್, ಅಲ್ಲಿಗೇ ನಿಂತ. ಹಣೆ ಬೆವೆತಿತು. ಒಂದು ಕಾಲನ್ನು ಇನ್ನೊಂದಕ್ಕೆ ಒತ್ತಿಕೊಂಡ. "ಸಹನೆ ಅಂದ್ರ, ಏನಪಾ ಅಂದ್ರ... ಮ್ಯಾನೇಜರ್, ಸ್ವಲ್ಪ ಬರ್ರಿ ಇಲ್ಲಿ."

ಕಿವಿಯ ಮೈಕು ಕಿವಿಯಲ್ಲೇ ಇತ್ತು. ಅವನು ಪಿಸುಗುಟ್ಟಿದ್ದು ಶೆಡ್ಡಿಗೆಲ್ಲ ಕೇಳಿಸಿತು. "ಪಾಯಖಾನಿ ಎಲ್ಲೈತಿ? ಲಗೂ ಹೇಳ್ರಿ!"

"ಕೀಲಿ ಹಾಕೇತ್ರಿ. ಕೀಲಿಕೈ ಸಾವ್ಕಾರ್ರ ಕಡೆ ಐತ್ರಿ." ಗೊಲ್ಲಾಳಪ್ಪ ಫೋನು ಹಚ್ಚಿದ. ಮದುವೆಯ ಬ್ಯಾಂಡಿನ ಗದ್ದಲದಲ್ಲಿ ಸಾವ್ಕಾರರಿಗೆ ಅದು ಎಲ್ಲಿ ಕೇಳಬೇಕು? ಎರಡು ಸಲ ಹಚ್ಚಿ, ಕೊನೆಗೆ ಕೈ ತೋರಿಸಿದ. "ರಸ್ತೆ ದಾಟಿದ್ರ ಜಾಲಿಕಂಟಿ ಐತ್ರಿ ಸರ. ಈ ಹೆಣ್ಣಮಕ್ಕಳೆಲ್ಲಾ ಅಲ್ಲೇ ಹೋಗ್ತಾರ್ರಿ."

"ನಾನು? ಕಂಟ್ಯಾಗ?" ಸರ್ ತನ್ನ ಬೂಟು ನೋಡಿಕೊಂಡ. "ನಾ ಮನಷ್ಯಾ ಅದೀನೋ ಏನ್ ದನಾ ಅದೀನೋ?"

ಶಂಕ್ರೆವ್ವ ಸಾವಕಾಶವಾಗಿ ಬಾಯಿ ತೆರೆದಳು.

"ಸರ, ‘ತಡಿ, ಈಗಲ್ಲ’ ಅಂತ ಹೇಳ್ರಿ ಅದಕ್ಕ."

"ಎತ್ತಿನ ನಖರಾ ಐತ್ರಿ ಅದು!" ಎಂದಳು ಇನ್ನೊಬ್ಬಳು.

"ಸರ್‌ಗ ಚಪ್ಪಾಳಿ ಹೊಡಿರಿ!" ಎಂದು ಆಮ್ರಪಾಲಿ ಕೂಗಿದ್ದೇ ತಡ, ತಗಡಿನ ಛಾವಣಿ ಹಾರುವ ಹಾಗೆ ಚಪ್ಪಾಳೆ ಬಿತ್ತು. "ಅಯ್ಯಯ್ಯೋ ಯವ್ವಾ" ಎಂದು ಸರ್ ನರಳಿದ್ದು ಸ್ಪೀಕರಿನಲ್ಲಿ ರಸ್ತೆಯ ತನಕ ಹೋಯಿತು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ರುಕ್ಮವ್ವ ನಗಲಿಲ್ಲ. ಅವಳು ಗೊಲ್ಲಾಳಪ್ಪನನ್ನೇ ನೋಡುತ್ತಿದ್ದಳು. ಶೆಡ್ಡಿನ ಬಾಗಿಲಿಗೆ ಆನಿಕೆಯಾಗಿ ಇಟ್ಟಿದ್ದ ಹಳೆಯ ಐದು ಕಿಲೋ ತೂಕದ ಕಲ್ಲನ್ನು ಅವನು ಎತ್ತಿಕೊಂಡು ಓಡಿದ. ಮೂರು ಏಟು ಹಾಕಿದ. ಹಿತ್ತಾಳೆಯ ಕೀಲಿ ಕಿತ್ತು ಮಣ್ಣಿಗೆ ಬಿತ್ತು. ಸರ್ ಒಳಗೆ ನುಗ್ಗಿದ.

‘ಇಷ್ಟೇ ಇತ್ತಾ? ಮೂರು ವರ್ಷ ಕಾಲು ಹಿಡುದು ಬೇಡಿದ್ದು ಮೂರು ಏಟಿನ ಕೆಲಸ ಇತ್ತಾ?’ ರುಕ್ಮವ್ವನ ಒಳಗೆ ಸಿಟ್ಟು ಕುದಿಯಿತು. ಸಾವ್ಕಾರರ ಮೇಲೆ ಬಂದದ್ದಕ್ಕಿಂತ ಹೆಚ್ಚು ತನ್ನ ಮೇಲೇ ಬಂತು. ಆ ಕಲ್ಲನ್ನು ದಿನಾ ದಾಟಿಕೊಂಡೇ ಅವಳು ಕೆಲಸಕ್ಕೆ ಹೋಗುತ್ತಿದ್ದಳು. ಅವಳು ಥೂ ಎಂದು ಬೀಜ ಉಗುಳಿದಳು. ಮೂಲೆಯ ಕೊಡದ ಹತ್ತಿರ ಹೋಗಿ ಚರಿಗೆ ತುಂಬಿಕೊಂಡು ಒಂದೇ ಉಸಿರಿಗೆ ಕುಡಿದಳು. ಇನ್ನೊಂದು ಚರಿಗೆ ಕುಡಿದಳು.

ಅಂಬಾದಾಸ ಸರ್ ಮುಖ ಒರೆಸಿಕೊಂಡು ಹೊರಗೆ ಬಂದು, ಏನೂ ಆಗದವನ ಹಾಗೆ ಕೆಮ್ಮಿ, "ಹಾಂ, ಐದನೇ ಮೆಟ್ಟಿಲು" ಅಂದ. ಜಮಖಾನೆ ಖಾಲಿ ಇತ್ತು. ಇಪ್ಪತ್ತೆರಡು ಹೆಂಗಸರು ಪಾಯಖಾನೆಯ ಮುಂದೆ ಪಾಳಿ ಹಚ್ಚಿದ್ದರು.

"ಏ, ಏ! ಎಲ್ಲಿ ಹೊಂಟೀ ಬೇ ರುಕ್ಮವ್ವಾ? ಸಾವ್ಕಾರ್ರು ನನ್ನ ಕೊಲ್ತಾರ!" ಎಂದು ಗೊಲ್ಲಾಳಪ್ಪ ಅಡ್ಡ ಬಂದ.

"ಬಾಗಲ ಮ್ಯಾಲಿನ ಅಕ್ಷರಾ ಓದೋ ಗೊಲ್ಲಾಳಪ್ಪಾ. ಬರೂದಿಲ್ಲಂದ್ರ ನಮ್ಮ ಹುಡುಗಿ ಓದ್ತಾಳ."

ಆಮ್ರಪಾಲಿ ಗಟ್ಟಿಯಾಗಿ ಓದಿದಳು. "ಮಹಿಳಾ ಕಾರ್ಮಿಕರ ಶೌಚಾಲಯ."

ರುಕ್ಮವ್ವ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಮೂರು ವರ್ಷದ ಹಿಂದೆ ಅವಳ ಫೋಟೊ ತೆಗೆದ ಬಾಗಿಲು ಅದು.

ಮರುದಿನ ಸಾವ್ಕಾರರು ಮುಷ್ಟಿಗಾತ್ರದ ಹೊಸ ಕೀಲಿ ಹಿಡಿದು ಕಾರಿನಿಂದ ಇಳಿದರು. ಪಾಯಖಾನೆಯ ಮುಂದೆ ಹೆಂಗಸರು ಸಾಲಾಗಿ ಕೂತಿದ್ದರು. ಒಬ್ಬಳ ಕೈಯೂ ಮಾಲಿಗೆ ಹೋಗಿರಲಿಲ್ಲ.

"ಯಾರು ಕೂಡ್ರಿಸಿದ್ರು ಇವ್ರನ್ನ? ನೀನಾ ರುಕ್ಮವ್ವಾ? ನಾಳಿಂದ ಕೆಲಸಕ್ಕ ಬರಬ್ಯಾಡ ನೀ!"

"ಆಕಿ ಬರಬಾರ್ದಂದ್ರ ಯಾರೂ ಬರೂದಿಲ್ರಿ," ಎಂದಳು ಶಂಕ್ರೆವ್ವ. "ದ್ರಾಕ್ಷಿ ನೀವೇ ಆರಿಸ್ರಿ. ಸರ್‌ನ ಕರಕೋರಿ ಜತಿಗೆ, ಮನಸ್ಸು ಗಟ್ಟಿ ಐತಿ ಅವ್ರದು."

"ರೊಕ್ಕಾ ಸುರುದು ಶಿಬಿರ ಮಾಡಿಸಿದ್ನಲ್ಲಲೇ ನಿಮಗ!"

"ಹೌದ್ರಿ, ಅದಕ್ಕ ಗಟ್ಟಿ ಆಗೇವಿ," ಎಂದಳು ರುಕ್ಮವ್ವ.

ಅವಳು ಎದ್ದು, ಐದು ಕಿಲೋದ ಕಲ್ಲನ್ನು ಎರಡೂ ಕೈಯಿಂದ ಎತ್ತಿ ತಂದು ಪಾಯಖಾನೆಯ ಹೊಸ್ತಿಲಿಗಿಟ್ಟಳು. ಸೊಂಟ ಚಳಕ್ ಅಂದಿತು, ಹಲ್ಲು ಕಚ್ಚಿಕೊಂಡಳು.

"ಹಾಕ್ರಿ ಸಾವ್ಕಾರ್ರ ನಿಮ್ಮ ಕೀಲಿ," ಅಂದಳು. "ಕೀಲಿ ಹೊಸಾದು ತಂದೀರಿ. ನಮಗ ಈ ಹಳೇ ಕಲ್ಲು ಸಾಕ್ರಿ."

ಸಾವ್ಕಾರರು ಕೀಲಿ ಹಿಡಿದು ನಿಂತೇ ಇದ್ದರು. ರುಕ್ಮವ್ವ ಅವರ ಕಣ್ಣ ಮುಂದೆಯೇ ಚರಿಗೆ ತುಂಬಾ ನೀರು ಕುಡಿದು, ಅದನ್ನು ಶಂಕ್ರೆವ್ವನ ಕೈಗೆ ಕೊಟ್ಟಳು.